ಪ್ರವರ್ತಕರ ಪಾಲು, ಕಂಪನಿಯ ಸಾಲ, ನಮ್ಮ ಗಳಿಕೆ



ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ ಒಂದು ಪಟ್ಟಿಯನ್ನು ಸಲ್ಲಿಸಬೇಕು. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಅದು ಮುಂಬೈ ಷೇರುಪೇಟೆ ಮತ್ತು ರಾಷ್ಟ್ರೀಯ ಷೇರುಪೇಟೆಯ ಜಾಲತಾಣಗಳಿಗೆ ಬಂದು ಸೇರುತ್ತದೆ. ಕಂಪನಿಯಲ್ಲಿ ಯಾರ ಪಾಲು ಎಷ್ಟು, ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಪ್ರವರ್ತಕರ ಕೈಯಲ್ಲಿ ಎಷ್ಟು, ವಿದೇಶಿ ಹೂಡಿಕೆದಾರರ ಬಳಿ ಎಷ್ಟು, ಮ್ಯೂಚುವಲ್ ಫಂಡುಗಳಲ್ಲಿ ಎಷ್ಟು, ನಮ್ಮಂಥ ಸಣ್ಣವರ ಹತ್ತಿರ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರವರ್ತಕರು ತಮ್ಮ ಷೇರುಗಳಲ್ಲಿ ಎಷ್ಟನ್ನು ಒತ್ತೆ ಇಟ್ಟು ಸಾಲ ತಂದಿದ್ದಾರೆ ಎಂಬುದಕ್ಕೂ ಒಂದು ಅಂಕಣವಿದೆ. ಲಾಭ ಎಷ್ಟು ಏರಿತು ಎಂಬುದನ್ನು ಪತ್ರಿಕೆಗಳು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತವೆ. ಈ ಪಟ್ಟಿಯನ್ನು ತೆರೆದು ನೋಡುವವರು ಮಾತ್ರ ಬಹಳ ಕಡಿಮೆ.

2020ರ ಆರಂಭದಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆಗಳಿದ್ದವು. 2024ರಲ್ಲಿ ಆ ಸಂಖ್ಯೆ 15 ಕೋಟಿ ದಾಟಿತು. ನಿವೃತ್ತರಾದ ಮೇಷ್ಟ್ರು, ಅಂಗಡಿ ಇಟ್ಟವರು, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಎಲ್ಲರೂ ಷೇರುದಾರರಾಗಿದ್ದಾರೆ. ಅವರಿಗೆ ನಾನು ಹೇಳಬೇಕೆಂದಿರುವುದು ಇಷ್ಟು. ಕಂಪನಿಯ ಒಳಗಿರುವವರ ಪಾಲು ಎಷ್ಟಿದೆ ಎಂಬುದನ್ನೂ, ಕಂಪನಿ ಹಣವನ್ನು ಎಲ್ಲಿಂದ ತರುತ್ತಿದೆ ಎಂಬುದನ್ನೂ ಬೇರೆ ಬೇರೆಯಾಗಿ ನೋಡಬೇಡಿ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ, ನಾಳೆ ನಿಮ್ಮ ಗಳಿಕೆ ಏನಾದೀತು ಎಂಬ ಸುಳಿವು ಅನೇಕ ಸಲ ಅಲ್ಲೇ ಸಿಗುತ್ತದೆ.

ಹಾಗೆ ಓದದೆ ಹೋದದ್ದಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಹಗರಣ ದೊಡ್ಡ ನಿದರ್ಶನ. ಆ ಹಗರಣವನ್ನು ಸುಳ್ಳು ಲೆಕ್ಕದ ಕತೆಯಾಗಿ ಮಾತ್ರ ನಾವು ನೆನಪಿಟ್ಟುಕೊಂಡಿದ್ದೇವೆ. ಅದು ಪ್ರವರ್ತಕರ ಪಾಲಿನ ಕತೆಯೂ ಹೌದು. 2001ರಲ್ಲಿ ಸ್ಥಾಪಕ ರಾಮಲಿಂಗ ರಾಜು ಮತ್ತು ಅವರ ಕುಟುಂಬದವರ ಬಳಿ ಕಂಪನಿಯ ಕಾಲು ಭಾಗದಷ್ಟು ಷೇರುಗಳಿದ್ದವು. 2008ರ ಸೆಪ್ಟೆಂಬರ್ ಹೊತ್ತಿಗೆ ಅದು ಶೇಕಡ 8.6ಕ್ಕೆ ಇಳಿದಿತ್ತು. ಇತ್ತ ಕಂಪನಿ ತೋರಿಸುತ್ತಿದ್ದ ಲಾಭ ಏರುತ್ತಲೇ ಇತ್ತು. ಬ್ಯಾಂಕಿನಲ್ಲಿ 5,300 ಕೋಟಿ ರೂಪಾಯಿಗೂ ಹೆಚ್ಚು ನಗದು ಇದೆ ಎಂದು ಲೆಕ್ಕಪತ್ರ ಹೇಳುತ್ತಿತ್ತು. ಅಷ್ಟೊಂದು ಹಣ, ಅಷ್ಟೊಂದು ಲಾಭ ಇರುವ ಕಂಪನಿಯಲ್ಲಿ ಅದನ್ನು ಕಟ್ಟಿದವರ ಪಾಲೇ ವರ್ಷದಿಂದ ವರ್ಷಕ್ಕೆ ಕರಗುವುದೇಕೆ? ಈ ಪ್ರಶ್ನೆಯನ್ನು ಯಾರಾದರೂ ಜೋರಾಗಿ ಕೇಳಬೇಕಿತ್ತು.

ಉಳಿದ ಷೇರುಗಳೂ ಅವರ ಕೈಯಲ್ಲಿ ಸ್ವತಂತ್ರವಾಗಿ ಇರಲಿಲ್ಲ, ಒತ್ತೆಯಲ್ಲಿದ್ದವು. 2008ರ ಡಿಸೆಂಬರ್ 16ರಂದು ಸತ್ಯಂ ತನ್ನ ನಗದಿನಿಂದ ರಾಜು ಕುಟುಂಬಕ್ಕೇ ಸೇರಿದ ಮೇತಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಹೂಡಿಕೆದಾರರು ಸಿಡಿದೆದ್ದರು. ಕೆಲವೇ ಗಂಟೆಗಳಲ್ಲಿ ಪ್ರಸ್ತಾವ ಹಿಂದಕ್ಕೆ ಹೋಯಿತು. ಷೇರಿನ ಬೆಲೆ ಮಾತ್ರ ಕುಸಿಯಿತು, ಒತ್ತೆ ಹಿಡಿದವರು ಷೇರುಗಳನ್ನು ಮಾರತೊಡಗಿದರು. ಜನವರಿ 7ರಂದು ರಾಜು ಅವರ ಪತ್ರ ಹೊರಬಿತ್ತು. ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಪ್ರವರ್ತಕರ ಪಾಲು ಚಿಕ್ಕದಾಗಿದ್ದುದರಿಂದ ಫಲಿತಾಂಶ ಕೆಟ್ಟರೆ ಬೇರೆಯವರು ಕಂಪನಿಯನ್ನು ವಶಪಡಿಸಿಕೊಂಡಾರು, ಆಗ ಸುಳ್ಳು ಬಯಲಾದೀತು ಎಂಬ ಭಯವನ್ನೂ ಅವರು ಅದರಲ್ಲಿ ಬರೆದಿದ್ದರು. 179 ರೂಪಾಯಿಯಲ್ಲಿದ್ದ ಷೇರು ಆ ದಿನ 40ರ ಆಸುಪಾಸಿಗೆ ಬಿತ್ತು. ಪ್ರವರ್ತಕರು ಷೇರು ಒತ್ತೆ ಇಟ್ಟರೆ ಅದನ್ನು ಬಹಿರಂಗಪಡಿಸಲೇಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತೀರ್ಮಾನಿಸಿದ್ದು ಅದೇ ತಿಂಗಳು. ಇಂದು ನಾವು ಓದಬಹುದಾದ ಆ ಅಂಕಣ ಲಕ್ಷಾಂತರ ಷೇರುದಾರರು ಹಣ ಕಳೆದುಕೊಂಡ ಮೇಲೆ ಬಂದದ್ದು. ಅದನ್ನು ಓದದೆ ಬಿಡುವುದು ಅವರ ನಷ್ಟಕ್ಕೆ ಬೆಲೆ ಕೊಡದಂತೆ.

ಒಳಗಿನವರ ಪಾಲು ಏಕೆ ಇಷ್ಟು ಮುಖ್ಯ? ಇದು ಹಳೆಯ ಪ್ರಶ್ನೆ. ಪರರ ಹಣವನ್ನು ನಿರ್ವಹಿಸುವ ನಿರ್ದೇಶಕರು ಅದನ್ನು ತಮ್ಮ ಹಣದಷ್ಟು ಎಚ್ಚರದಿಂದ ಕಾಯುತ್ತಾರೆಂದು ನಂಬಲಾಗದು ಎಂಬ ಅಭಿಪ್ರಾಯವನ್ನು ಆಡಂ ಸ್ಮಿತ್ 1776ರಲ್ಲೇ ಹೇಳಿದ್ದ. ತೋಟದಲ್ಲೇ ವಾಸವಿದ್ದು ಕಾಫಿ ಕೊಯ್ಲು ನೋಡಿಕೊಳ್ಳುವ ಯಜಮಾನನ ಕಣ್ಣಿಗೂ ಸಂಬಳಕ್ಕಿರುವ ರೈಟರನ ಕಣ್ಣಿಗೂ ಇರುವ ವ್ಯತ್ಯಾಸವನ್ನು ಕೊಡಗಿನವರಿಗೆ, ಚಿಕ್ಕಮಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1976ರಲ್ಲಿ ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ ಇದನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಮಂಡಿಸಿದರು. ನಡೆಸುವವನ ಪಾಲು ಕಡಿಮೆಯಾದಷ್ಟೂ ಅವನು ಕಂಪನಿಯ ಹಣದಲ್ಲಿ ಮಾಡುವ ದುಂದಿನ ಹೊರೆ ಬೇರೆಯವರ ತಲೆಗೆ ಹೋಗುತ್ತದೆ. ಆದ್ದರಿಂದ ಪಾಲು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬಹುದಲ್ಲವೇ?

ಅಷ್ಟು ಸರಳವಲ್ಲ. 1988ರಲ್ಲಿ ರ್‍ಯಾಂಡಲ್ ಮಾರ್ಕ್, ಆಂಡ್ರೇ ಶ್ಲೈಫರ್ ಮತ್ತು ರಾಬರ್ಟ್ ವಿಷ್ಣಿ ಎಂಬ ಮೂವರು ಅಮೆರಿಕದ 371 ದೊಡ್ಡ ಕಂಪನಿಗಳನ್ನು ಪರೀಕ್ಷಿಸಿದರು. ಆಡಳಿತ ಮಂಡಳಿಯ ಸದಸ್ಯರ ಪಾಲು ಶೇಕಡ 5ರವರೆಗೆ ಏರಿದಾಗ ಕಂಪನಿಗೆ ಪೇಟೆ ಕೊಡುವ ಮೌಲ್ಯವೂ ಏರುತ್ತಿತ್ತು. 5ರಿಂದ 25ರ ನಡುವೆ ಮೌಲ್ಯ ಇಳಿಯುತ್ತಿತ್ತು. ಆಮೇಲೆ ಮತ್ತೆ ನಿಧಾನವಾಗಿ ಏರುತ್ತಿತ್ತು. ನಡುವಿನ ಆ ಇಳಿತವನ್ನು ಸ್ವಲ್ಪ ಯೋಚಿಸಿ ನೋಡಿ. ಯಾರೂ ತನ್ನನ್ನು ಕುರ್ಚಿಯಿಂದ ಇಳಿಸಲಾರರು ಎನ್ನುವಷ್ಟು ಪಾಲು ಕಂಪನಿ ನಡೆಸುವವನಲ್ಲಿದೆ. ಕಂಪನಿಗಾದ ನಷ್ಟ ತನ್ನ ಜೇಬನ್ನು ಸುಡುತ್ತದೆ ಎನ್ನುವಷ್ಟು ಪಾಲು ಇಲ್ಲ. ಉಳಿದ ಷೇರುದಾರರಿಗೆ ಅಪಾಯ ಇರುವುದು ಅಲ್ಲೇ.

ಭಾರತದ ಸಂಗತಿಗೆ ಇನ್ನೊಂದು ಮುಖವಿದೆ. ನಮ್ಮಲ್ಲಿ ದೊಡ್ಡ ಕಂಪನಿಗಳ ಪೈಕಿ ಬಹುಪಾಲು ಒಂದು ಕುಟುಂಬದ ಅಥವಾ ಸರ್ಕಾರದ ಹಿಡಿತದಲ್ಲಿವೆ. ಸಾರ್ವಜನಿಕರ ಪಾಲು ಕನಿಷ್ಠ ಶೇಕಡ 25 ಇರಬೇಕೆಂದು 2010ರಲ್ಲಿ ನಿಯಮ ಬಂದದ್ದೇ ಅನೇಕ ಕಡೆ ಪ್ರವರ್ತಕರ ಪಾಲು ಶೇಕಡ 75ನ್ನೂ ಮೀರಿದ್ದುದರಿಂದ. ಹೀಗಾಗಿ ಇಲ್ಲಿನ ತಿಕ್ಕಾಟ ಮ್ಯಾನೇಜರನಿಗೂ ಮಾಲೀಕನಿಗೂ ನಡುವಿನದಲ್ಲ. ಅದು ದೊಡ್ಡ ಮಾಲೀಕನಿಗೂ ಸಣ್ಣ ಮಾಲೀಕನಿಗೂ ನಡುವಿನದು. ಮರಿಯಾನ್ ಬರ್ಟ್ರಾಂಡ್, ಪಾರಸ್ ಮೆಹ್ತಾ ಮತ್ತು ಸೆಂಧಿಲ್ ಮುಲೈನಾಥನ್ 2002ರಲ್ಲಿ ಭಾರತದ ಉದ್ಯಮ ಸಮೂಹಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಒಂದೇ ಕುಟುಂಬದ ಹಿಡಿತದಲ್ಲಿರುವ ಹಲವು ಕಂಪನಿಗಳ ನಡುವೆ ಲಾಭ ಒಂದು ದಿಕ್ಕಿನಲ್ಲಿ ಹರಿಯುತ್ತದೆ: ಕುಟುಂಬದ ಪಾಲು ಕಡಿಮೆ ಇರುವ ಕಂಪನಿಯಿಂದ ಪಾಲು ಹೆಚ್ಚಿರುವ ಕಂಪನಿಯ ಕಡೆಗೆ. ಸತ್ಯಂನ ಹಣ ಮೇತಾಸ್ ಕಡೆಗೆ ಹೊರಟದ್ದು ಇದೇ ದಿಕ್ಕಿನಲ್ಲಿ. ಸಮೂಹದ ಇತರ ಕಂಪನಿಗಳಿಗೆ ಕೊಟ್ಟ ಸಾಲ, ಅವುಗಳಿಂದ ಕೊಂಡ ಆಸ್ತಿ, ಅವುಗಳಿಗೆ ನಿಂತ ಜಾಮೀನು ಇವೆಲ್ಲ ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ಆ ಪುಟಗಳನ್ನು ಓದಿಯೇ ಓದಿ ಎಂದು ನಾನು ಒತ್ತಾಯಿಸುತ್ತೇನೆ.

ಹಾಗೆಂದು ಪಾಲಿನ ಅಂಕಿಯೊಂದನ್ನೇ ಹಿಡಿದು ಕೂರಲೂ ಬಾರದು. ನಮ್ಮ ಬೆಂಗಳೂರಿನ ಎರಡು ಕಂಪನಿಗಳನ್ನೇ ನೋಡಿ. ವಿಪ್ರೊದಲ್ಲಿ ಪ್ರವರ್ತಕರ ಪಾಲು ಶೇಕಡ 73ರ ಸುತ್ತಮುತ್ತ. ಇನ್ಫೊಸಿಸ್‌ನಲ್ಲಿ ಅದು ಶೇಕಡ 15ರ ಒಳಗೆ. ಎರಡೂ ಒಂದೇ ಊರಿನವು, ವ್ಯವಹಾರವೂ ಒಂದೇ. 2000ದ ಸುಮಾರಿಗೆ ವಿಪ್ರೊದ ಮಾರುಕಟ್ಟೆ ಮೌಲ್ಯ ಇನ್ಫೊಸಿಸ್‌ಗಿಂತ ಹೆಚ್ಚಿತ್ತು. ಈಗ ಇನ್ಫೊಸಿಸ್‌ನ ಮೌಲ್ಯ ವಿಪ್ರೊದ ಎರಡು ಪಟ್ಟನ್ನೂ ಮೀರಿದೆ. ವಿಪ್ರೊದ ಪ್ರವರ್ತಕರಲ್ಲಿ ದುರಾಸೆ ಇತ್ತೆಂದು ಯಾರೂ ಹೇಳಲಾರರು. ಕಂಪನಿಯ ಶೇಕಡ 67ರಷ್ಟು ಷೇರುಗಳ ಫಲವನ್ನು ಅಜೀಂ ಪ್ರೇಮ್‌ಜಿ ದಾನಕಾರ್ಯಕ್ಕೆ ಮೀಸಲಿಟ್ಟಿದ್ದಾರೆ. ಪ್ರವರ್ತಕರ ಪಾಲು ದೊಡ್ಡದಿದ್ದರೆ ಒಳ್ಳೆಯ ನಡತೆಯನ್ನು ನಿರೀಕ್ಷಿಸಲು ಒಂದು ಕಾರಣ ಸಿಗುತ್ತದೆ. ಗ್ರಾಹಕರನ್ನು ಗೆಲ್ಲುವ ಸಾಮರ್ಥ್ಯಕ್ಕೆ ಅದು ಖಾತರಿಯಲ್ಲ.

ಇನ್ನು ಹಣದ ಮೂಲಕ್ಕೆ ಬರೋಣ. ಕಂಪನಿ ಬೆಳೆಯಬೇಕಾದರೆ ಹಣ ಬೇಕು. ತಾನೇ ಗಳಿಸಿದ ಲಾಭವನ್ನು ಉಳಿಸಿಕೊಂಡು ಹೂಡಬಹುದು, ಸಾಲ ತರಬಹುದು, ಹೊಸ ಷೇರು ಹೊರಡಿಸಬಹುದು. 1984ರಲ್ಲಿ ಸ್ಟುವರ್ಟ್ ಮೈಯರ್ಸ್ ಮತ್ತು ನಿಕೊಲಾಸ್ ಮಜ್ಲುಫ್ ಒಂದು ಸರಳವಾದ, ಆದರೆ ಹರಿತವಾದ ವಾದ ಮುಂದಿಟ್ಟರು. ಕಂಪನಿಯ ನಿಜವಾದ ಬೆಲೆ ಒಳಗಿನವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಪೇಟೆಯ ಬೆಲೆ ನಿಜದ ಬೆಲೆಗಿಂತ ಕಡಿಮೆ ಇದ್ದಾಗ ಒಳಗಿನವರು ಹೊಸ ಷೇರು ಮಾರಲು ಹೋಗುವುದಿಲ್ಲ, ಹೆಚ್ಚಿದ್ದಾಗ ಮಾರುತ್ತಾರೆ. ಆದ್ದರಿಂದ ಹೊಸ ಷೇರು ಬಂತೆಂದರೆ ಪೇಟೆ ಅನುಮಾನದಿಂದ ನೋಡುತ್ತದೆ. ಟಿಮ್ ಲೌರನ್ ಮತ್ತು ಜೇ ರಿಟ್ಟರ್ ಅಮೆರಿಕದಲ್ಲಿ 1970ರಿಂದ 1990ರವರೆಗೆ ಷೇರು ಹೊರಡಿಸಿದ ಕಂಪನಿಗಳ ಲೆಕ್ಕ ಹಾಕಿ 1995ರಲ್ಲಿ ಪ್ರಕಟಿಸಿದರು. ಮೊದಲ ಬಾರಿ ಪೇಟೆಗೆ ಬಂದ ಕಂಪನಿಗಳು ಮುಂದಿನ ಐದು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ಶೇಕಡ 5ರಷ್ಟು ಮಾತ್ರ ಗಳಿಕೆ ಕೊಟ್ಟವು. ಮೊದಲೇ ಪೇಟೆಯಲ್ಲಿದ್ದು ಮತ್ತೆ ಷೇರು ಮಾರಿದವು ಶೇಕಡ 7 ಕೊಟ್ಟವು. ಅಷ್ಟೇ ಗಾತ್ರದ, ಷೇರು ಹೊರಡಿಸದ ಕಂಪನಿಗಳು ಕೊಟ್ಟ ಗಳಿಕೆ ಇದಕ್ಕಿಂತ ಬಹಳ ಹೆಚ್ಚಿತ್ತು.

ಐಪಿಒ ಎಂದೊಡನೆ ಅರ್ಜಿ ಹಾಕಲು ಸಾಲು ನಿಲ್ಲುವ ನಮ್ಮ ಜನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾನು ಕೊಡುವ ಹಣ ಯಾರಿಗೆ ಹೋಗುತ್ತದೆ? ಹೊಸ ಷೇರು ಹೊರಡಿಸಿದರೆ ಹಣ ಕಂಪನಿಗೆ ಹೋಗುತ್ತದೆ, ಕಾರ್ಖಾನೆ ಕಟ್ಟಲೋ ಸಾಲ ತೀರಿಸಲೋ ಬಳಕೆಯಾಗುತ್ತದೆ. ಇದ್ದ ಷೇರನ್ನೇ ಹಳೆಯ ಮಾಲೀಕರು ಮಾರಿದರೆ ಹಣ ಅವರ ಜೇಬಿಗೆ ಹೋಗುತ್ತದೆ. 2022ರಲ್ಲಿ ಎಲ್‌ಐಸಿ ಷೇರನ್ನು 949 ರೂಪಾಯಿಗೆ ಮಾರಿದಾಗ ಬಂದ ಸುಮಾರು 21,000 ಕೋಟಿ ರೂಪಾಯಿ ಪೂರ್ತಿ ಕೇಂದ್ರ ಸರ್ಕಾರಕ್ಕೆ ಹೋಯಿತು. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಮೋಟಾರ್ ಇಂಡಿಯಾದ 27,870 ಕೋಟಿ ರೂಪಾಯಿ ಕೊರಿಯಾದ ಮಾತೃ ಕಂಪನಿಗೆ ಹೋಯಿತು. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ, ಮಾರುವುದು ಮಾಲೀಕರ ಹಕ್ಕು. ಆದರೆ ಕಂಪನಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಮಾರುತ್ತಿದ್ದಾರೆ, ಕಡಿಮೆ ಬಲ್ಲವರು ಕೊಳ್ಳುತ್ತಿದ್ದಾರೆ. ಹಾಗಿದ್ದಾಗ ಬೆಲೆಯನ್ನು ಎರಡು ಸಲ ನೋಡಬೇಡವೇ? 1993ರಲ್ಲಿ ಇನ್ಫೊಸಿಸ್ 95 ರೂಪಾಯಿಗೆ ಷೇರು ಹೊರಡಿಸಿದಾಗ ಜನ ಮುಗಿಬೀಳಲಿಲ್ಲ, ಕೊಳ್ಳುವವರು ಸಾಲದೆ ಮಾರ್ಗನ್ ಸ್ಟಾನ್ಲಿ ಶೇಕಡ 13ರಷ್ಟು ಪಾಲು ಎತ್ತಿಕೊಳ್ಳಬೇಕಾಯಿತು. ಸ್ಥಾಪಕರು ಒಳಗೇ ಉಳಿದು ದುಡಿದರು. ಅಂದು ಕೊಂಡವರಿಗೆ ಮುಂದೆ ಏನು ಸಿಕ್ಕಿತು ಎಂಬುದು ಈ ನಾಡಿಗೆ ಗೊತ್ತು.

ಸಾಲದ ಮಾತು ಬಂದರೆ ಬೆಂಗಳೂರಿನವರಿಗೆ ಕಿಂಗ್‌ಫಿಷರ್ ಏರ್‌ಲೈನ್ಸ್ ನೆನಪಾಗದೆ ಇರದು. 2005ರಲ್ಲಿ ಹಾರಾಟ ಶುರುಮಾಡಿದ ಅದು ಒಂದು ವರ್ಷವೂ ಲಾಭ ಕಾಣಲಿಲ್ಲ. ಏರ್ ಡೆಕ್ಕನ್ ಅನ್ನು ಕೊಂಡುಕೊಂಡಿತು, ಇಂಧನದ ಬೆಲೆ ಏರಿತು, ಸಾಲ ಬೆಳೆಯಿತು. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಷೇರುಗಳಾಗಿ ಬದಲಾಯಿಸಿಕೊಂಡವು, ಅದೂ ಪೇಟೆಯ ಬೆಲೆಗಿಂತ ಹೆಚ್ಚಿನ ದರಕ್ಕೆ. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರ ಸಂಕಟವನ್ನು ಈ ಊರು ಕಂಡಿದೆ. ಒಂದು ಕಂಪನಿಯ ಸಾಲ ಅಲ್ಲಿಗೇ ನಿಲ್ಲಲಿಲ್ಲ. ಅದೇ ಸಮೂಹದ, ಲಾಭದಲ್ಲಿದ್ದ ಯುನೈಟೆಡ್ ಸ್ಪಿರಿಟ್ಸ್‌ನ ಹಿಡಿತವೂ ಬ್ರಿಟನ್ನಿನ ಡಿಯಾಜಿಯೊ ಕಂಪನಿಯ ಕೈಗೆ ಹೋಯಿತು.

ಹಾಗಾದರೆ ಸಾಲವೇ ಕೆಟ್ಟದ್ದೇ? ಅಲ್ಲ. ಕೈಯಲ್ಲಿ ಬೇಕಾಬಿಟ್ಟಿ ನಗದು ಇದ್ದರೆ ಆಡಳಿತಗಾರರು ಅದನ್ನು ಬೇಡದ ಕಡೆ ಸುರಿಯುತ್ತಾರೆ, ಬಡ್ಡಿ ಕಟ್ಟಲೇಬೇಕೆಂಬ ಒತ್ತಡ ಅವರನ್ನು ಶಿಸ್ತಿನಲ್ಲಿಡುತ್ತದೆ ಎಂದು ಜೆನ್ಸನ್ 1986ರಲ್ಲಿ ವಾದಿಸಿದ. ನನ್ನ ಮಟ್ಟಿಗೆ ಕಂಪನಿಯ ಸಾಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಪ್ರವರ್ತಕರ ಸ್ವಂತ ಸಾಲ. ಏಕೆಂದರೆ ಅದು ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ.

ಅದು ನಡೆಯುವ ಬಗೆ ಹೀಗೆ. ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆ ಇಟ್ಟು ಬೇರೊಂದು ಉದ್ಯಮಕ್ಕೆ ಸಾಲ ತರುತ್ತಾರೆ. ಷೇರಿನ ಬೆಲೆ ಸ್ವಲ್ಪ ಇಳಿದರೆ ಸಾಲ ಕೊಟ್ಟವರು ಇನ್ನಷ್ಟು ಷೇರು ಒತ್ತೆ ಕೇಳುತ್ತಾರೆ. ಕೊಡಲಾಗದಿದ್ದರೆ ಇದ್ದುದನ್ನು ಪೇಟೆಯಲ್ಲಿ ಮಾರುತ್ತಾರೆ. ಮಾರಾಟದಿಂದ ಬೆಲೆ ಮತ್ತೆ ಇಳಿಯುತ್ತದೆ, ಸಾಲ ಕೊಟ್ಟ ಉಳಿದವರೂ ಬಾಗಿಲಿಗೆ ಬರುತ್ತಾರೆ. ಕಂಪನಿಯ ವ್ಯಾಪಾರ ಚೆನ್ನಾಗಿಯೇ ಇರಬಹುದು, ಷೇರು ಮಾತ್ರ ನೆಲ ಕಚ್ಚುತ್ತದೆ. 2019ರ ಜನವರಿ 25ರಂದು ಜೀ ಎಂಟರ್‌ಟೇನ್‌ಮೆಂಟ್ ಷೇರು ಒಂದೇ ದಿನ ಶೇಕಡ 26ರಷ್ಟು ಬಿದ್ದದ್ದು ಹೀಗೆ. ಟಿವಿ ವಾಹಿನಿಗಳ ವ್ಯವಹಾರ ಲಾಭದಲ್ಲಿತ್ತು. ಪ್ರವರ್ತಕರು ಮೂಲಸೌಕರ್ಯ ಮುಂತಾದ ಉದ್ಯಮಗಳಿಗಾಗಿ ಮಾಡಿದ ಸಾಲ ತೀರದೆ ಉಳಿದಿತ್ತು. ಅವರ ಪಾಲಿನ ಅರ್ಧಕ್ಕೂ ಹೆಚ್ಚು ಷೇರು ಒತ್ತೆಯಲ್ಲಿತ್ತು. ಕಂಪನಿಯನ್ನು ಕಟ್ಟಿದ ಸುಭಾಷ್ ಚಂದ್ರ ಬಹಿರಂಗ ಪತ್ರ ಬರೆದು ಸಾಲ ಕೊಟ್ಟವರ ಕ್ಷಮೆ ಕೇಳಿದರು. ಮುಂದೆ ಷೇರು ಮಾರುತ್ತ ಮಾರುತ್ತ, ತಾವೇ ಕಟ್ಟಿದ ಕಂಪನಿಯಲ್ಲಿ ಆ ಕುಟುಂಬದ ಪಾಲು ಶೇಕಡ 4ರ ಸುಮಾರಿಗೆ ಇಳಿಯಿತು. 2019ರಲ್ಲೇ ಸೆಬಿ ನಿಯಮ ಬಿಗಿ ಮಾಡಿತು. ಪ್ರವರ್ತಕರು ತಮ್ಮ ಪಾಲಿನ ಅರ್ಧ ಅಥವಾ ಕಂಪನಿಯ ಒಟ್ಟು ಬಂಡವಾಳದ ಶೇಕಡ 20ನ್ನು ಮೀರಿ ಒತ್ತೆ ಇಟ್ಟರೆ ಅದಕ್ಕೆ ಕಾರಣವನ್ನೂ ಬರೆದು ತಿಳಿಸಬೇಕು.

ಇದಕ್ಕೆ ಎದುರಾದ, ಮನಸ್ಸಿಗೆ ಧೈರ್ಯ ಕೊಡುವ ಚಿತ್ರವೂ ಇದೆ. 2020ರಲ್ಲಿ ಕೋವಿಡ್ ನಡುವೆಯೇ ರಿಲಯನ್ಸ್ ಇಂಡಸ್ಟ್ರೀಸ್ ತನ್ನ ಈಗಿನ ಷೇರುದಾರರಿಗೆಂದೇ 53,124 ಕೋಟಿ ರೂಪಾಯಿಯ ಹಕ್ಕಿನ ಷೇರು ಹೊರಡಿಸಿತು. ಆಗ ಅದರ ನಿವ್ವಳ ಸಾಲ 1.61 ಲಕ್ಷ ಕೋಟಿ ರೂಪಾಯಿ. ಹೊಸ ಷೇರು ಎಂದರೆ ಅನುಮಾನ ಎಂದೆನಲ್ಲ, ಇಲ್ಲಿ ಹಾಗಾಗಲಿಲ್ಲ. ಪ್ರವರ್ತಕರು ತಮ್ಮ ಪಾಲಿನ ಹಕ್ಕಿನ ಷೇರುಗಳನ್ನೆಲ್ಲ ಕೊಂಡರು, ಸಣ್ಣ ಷೇರುದಾರರಿಗೂ ಅದೇ 1,257 ರೂಪಾಯಿ ದರ. ಒಳಗಿರುವವನು ನನ್ನ ಪಕ್ಕದಲ್ಲೇ ನಿಂತು, ನನ್ನ ಬೆಲೆಗೇ ಹಣ ಹಾಕುತ್ತಿದ್ದಾನೆ ಎಂಬುದಕ್ಕಿಂತ ದೊಡ್ಡ ಭರವಸೆ ಸಣ್ಣ ಹೂಡಿಕೆದಾರನಿಗೆ ಇನ್ನೊಂದಿಲ್ಲ. ಪ್ರವರ್ತಕರಿಗೆ ಮಾತ್ರ ವಾರಂಟ್ ಕೊಡುವ ಕ್ರಮವನ್ನು ನಾನು ಅಷ್ಟು ಮೆಚ್ಚುವುದಿಲ್ಲ. ಅದರಲ್ಲಿ ಶೇಕಡ 25 ಹಣ ಮುಂಗಡ ಕೊಟ್ಟು, ಉಳಿದದ್ದನ್ನು ಕೊಡಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಅವರಿಗೆ 18 ತಿಂಗಳು ಸಮಯ ಸಿಗುತ್ತದೆ. ನಮಗೆ ಆ ಅನುಕೂಲ ಇಲ್ಲ.

ಕಂಪನಿ ತನ್ನದೇ ಷೇರುಗಳನ್ನು ಕೊಳ್ಳುವ ಮರುಖರೀದಿಯೂ ಹೀಗೆಯೇ ಓದಬೇಕಾದದ್ದು. 2017ರ ಆಗಸ್ಟ್ 18ರಂದು ಮುಖ್ಯ ಕಾರ್ಯನಿರ್ವಾಹಕ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಇನ್ಫೊಸಿಸ್ ಷೇರು ಸುಮಾರು ಶೇಕಡ 10 ಕುಸಿಯಿತು. ಮರುದಿನವೇ ಕಂಪನಿ 13,000 ಕೋಟಿ ರೂಪಾಯಿಯ ಮರುಖರೀದಿ ಪ್ರಕಟಿಸಿತು. ಷೇರಿಗೆ 1,150 ರೂಪಾಯಿ, ಅಂದರೆ ಪೇಟೆಯ ಬೆಲೆಗಿಂತ ಸುಮಾರು ಕಾಲು ಭಾಗ ಹೆಚ್ಚು. ಕಂಪನಿಯ ಮೇಲೆ ಸಾಲ ಇರಲಿಲ್ಲ, ಕೊಟ್ಟದ್ದು ಕೂಡಿಟ್ಟ ನಗದು. ಸಾಲ ತಂದು ಮರುಖರೀದಿ ಮಾಡುವ ಕಂಪನಿಗೂ ಇದಕ್ಕೂ ಬಹಳ ಅಂತರವಿದೆ. 1980ರ ದಶಕದ ಅಮೆರಿಕದ ಮರುಖರೀದಿಗಳನ್ನು ಪರೀಕ್ಷಿಸಿದ ಡೇವಿಡ್ ಇಕನ್‌ಬೆರಿ ಮತ್ತು ಸಂಗಡಿಗರು, ಅಂಥ ಕಂಪನಿಗಳು ನಾಲ್ಕು ವರ್ಷಗಳಲ್ಲಿ ಸರಾಸರಿ ಶೇಕಡ 12ರಷ್ಟು ಹೆಚ್ಚುವರಿ ಗಳಿಕೆ ಕೊಟ್ಟವೆಂದು ಕಂಡರು. ಆ ಲಾಭ ಬಂದದ್ದು ಷೇರು ಅಗ್ಗವಾಗಿದ್ದ ಕಂಪನಿಗಳಲ್ಲಿ. ದುಬಾರಿ ಷೇರುಗಳಲ್ಲಿ ಅದು ಕಾಣಲಿಲ್ಲ.

ಇನ್ನೊಂದು ಮಾತು. ಪ್ರವರ್ತಕರು, ನಿರ್ದೇಶಕರು, ಹಿರಿಯ ಅಧಿಕಾರಿಗಳು ಒಂದು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿ ಮೀರಿ ತಮ್ಮ ಕಂಪನಿಯ ಷೇರು ಕೊಂಡರೆ ಅಥವಾ ಮಾರಿದರೆ ಎರಡು ವಹಿವಾಟು ದಿನಗಳಲ್ಲಿ ಕಂಪನಿಗೆ ತಿಳಿಸಬೇಕು, ಕಂಪನಿ ಷೇರುಪೇಟೆಗೆ ತಿಳಿಸಬೇಕು. ಮಾರಿದರು ಎಂಬ ಸುದ್ದಿಗೆ ಗಾಬರಿಯಾಗಬೇಕಿಲ್ಲ. ಮನೆ ಕಟ್ಟಲು, ಮಗಳ ಮದುವೆಗೆ, ತೆರಿಗೆ ಕಟ್ಟಲು ಎಲ್ಲರೂ ಮಾರುತ್ತಾರೆ. ಸ್ವಂತ ಹಣದಿಂದ ಪೇಟೆಯಲ್ಲಿ ಕೊಂಡರೆ ಅದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ: ಬೆಲೆ ಏರುತ್ತದೆ ಎಂಬ ನಂಬಿಕೆ. ಜೋಸೆಫ್ ಲಕೊನಿಷೊಕ್ ಮತ್ತು ಇನ್ಮೂ ಲೀ 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಒಳಗಿನವರ ಖರೀದಿಯಲ್ಲಿ ಸುಳಿವು ಇರುತ್ತದೆ, ಮಾರಾಟದಲ್ಲಿ ಹೆಚ್ಚೇನೂ ಇರುವುದಿಲ್ಲ ಎಂದೇ ಹೇಳಿತು.

ಕೇಳುಗರೇ, ಇದು ಯಾವ ಷೇರನ್ನೂ ಕೊಳ್ಳಿ ಅಥವಾ ಮಾರಿ ಎಂಬ ಸಲಹೆಯಲ್ಲ. ನನ್ನದೊಂದು ಕೋರಿಕೆ ಮಾತ್ರ. ನಿಮ್ಮಲ್ಲಿರುವ ಷೇರುಗಳ ಪಟ್ಟಿ ಹಿಡಿದು ಕುಳಿತುಕೊಳ್ಳಿ. ಒಂದೊಂದು ಕಂಪನಿಯ ಕಳೆದ ಮೂರು ವರ್ಷಗಳ ಷೇರು ಹಂಚಿಕೆಯ ಪಟ್ಟಿಯನ್ನು ಷೇರುಪೇಟೆಯ ಜಾಲತಾಣದಲ್ಲಿ ತೆರೆಯಿರಿ. ಜಾಲತಾಣ ಅಭ್ಯಾಸವಿಲ್ಲದಿದ್ದರೆ ಮನೆಯ ಮಕ್ಕಳ ಸಹಾಯ ಪಡೆಯಿರಿ. ಇದಕ್ಕೆ ಹಣ ಕೊಡಬೇಕಿಲ್ಲ. ಪ್ರವರ್ತಕರ ಪಾಲು ಏರಿದೆಯೋ ಇಳಿದಿದೆಯೋ ನೋಡಿ, ಒತ್ತೆಯ ಅಂಕಣ ನೋಡಿ, ಅದೇ ಮೂರು ವರ್ಷಗಳಲ್ಲಿ ಕಂಪನಿಯ ಸಾಲ ಎಷ್ಟಾಯಿತು ಎಂದು ವಾರ್ಷಿಕ ವರದಿಯಲ್ಲಿ ನೋಡಿ. ಪಾಲು ಇಳಿಯುತ್ತ, ಒತ್ತೆ ಏರುತ್ತ, ಸಾಲವೂ ಏರುತ್ತ ಹೋಗಿದ್ದರೆ ಆ ಷೇರನ್ನು ಏಕೆ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ ಒಂದು ಕಾರಣ ಬರೆದಿಡಿ. ಕಾರಣ ಸಿಗದಿದ್ದರೆ ಮುಂದಿನ ಪಟ್ಟಿ ಬರುವವರೆಗೆ ಕಾಯಬೇಡಿ.